ನೇಗಿಲ ನಿಶಾಣಿಯಿಂದ ಹೆಬ್ಬೆಟ್ಟಿನ ಮಷೀನಿನ ತನಕ

ನಮ್ಮ ಅಕ್ಕಲಕೋಟ ಸೀಮೆಯೊಳಗ ಯಾರನ್ನಾದರೂ ಹೀಯಾಳಿಸಬೇಕಾದ್ರ "ಅವ ಅಂಗಠಾಛಾಪ ಇದ್ದಾನ ಬಿಡು" ಅಂತಾರ. ಓದು ಬರಹ ಬಾರದವ ಅಂತ ಅದರ ಅರ್ಥ. ಈಗ ನೋಡಿದ್ರ ಎಲ್ಲಾರೂ ಅಂಗಠಾಛಾಪ ಆಗ್ಯಾರ. ಸಿಮ್ ಕಾರ್ಡ್ ತಗೊಳ್ಳಾಕ ಹೋದ ಕಾಲೇಜ ಹುಡುಗ ಹೆಬ್ಬೆಟ್ಟು ಒತ್ತತಾನ, ಕಚೇರಿಗೆ ಬಂದ ಸಾಹೇಬ ಹಾಜರಿಗೆ ಒತ್ತತಾನ. ಹೊಲದ ಖರೀದಿ ಆದಾಗ ವಕೀಲಂದೂ ಬೇಕು, ಕುರಿ ಕಾಯವಂದೂ ಬೇಕು. ನಾನು ಏಳನೇ ಇಯತ್ತೆ ಕಲಿತು ಹೊಲಕ್ಕ ಬಿದ್ದವ, ಡೊಳ್ಳಿನ ಪದ ಹಾಡವ. ಸಹಿ ಮಾಡಾಕ ಬರತದ. ಆದರೂ ಈ ಹೆಬ್ಬೆಟ್ಟಿನ ಚರಿತ್ರೆ ನನಗ ಬಾಳ ದಿವಸದಿಂದ ಕಾಡಿದ ವಿಷಯ. ವಾಚನಾಲಯದಾಗ ಸಿಕ್ಕ ಪುಸ್ತಕ ಓದಿ, ತಿಳಿದವರನ್ನ ಕೇಳಿ, ತಿಳಿದಷ್ಟು ಬರೆದೀನಿ.

ಹಿಂದಿನ ಕಾಲಕ್ಕ ನಮ್ಮ ಕಡೆ ಕಾಗದದ ಮ್ಯಾಲ ಹೆಬ್ಬೆಟ್ಟು ಇರಲಿಲ್ಲ, ನಿಶಾಣಿ ಇತ್ತು. ಮರಾಠರ ಕಾಲದ ಹಳೇ ಮಹಜರುಗಳೊಳಗ ಊರ ಪಾಟೀಲನ ಹೆಸರಿನ ಹತ್ತಿರ ಒಂದು ನೇಗಿಲ ಚಿತ್ರ ಇರತದ. "ನಿಶಾಣಿ ನಾಂಗರ" ಅಂತ ಬರೀತಿದ್ರು. ಹೆಣ್ಣುಮಗಳು ಒಪ್ಪಿಗಿ ಕೊಡಬೇಕಾದ್ರ ಬಳಿ ಗುರುತು. ಬಡಿಗ, ಕಮ್ಮಾರ, ಇತರ ಕಸಬಿನವರು ತಮ್ಮ ತಮ್ಮ ಹತ್ಯಾರದ ಗುರುತು ಹಾಕತಿದ್ರು. ಮನಷ್ಯಾ ಏನು ದುಡೀತಾನ ಅನ್ನೋದೇ ಅವನ ಸಹಿ. ನನಗಂತೂ ಇದು ಬಾಳ ಚೆಂದ ಕಾಣತದ. ಆದ್ರ ಒಂದು ತೊಡಕು ಇತ್ತು. ನೇಗಿಲ ಚಿತ್ರ ಯಾರು ಬೇಕಾದ್ರೂ ತೆಗೀಬಹುದು. ಅದಕ್ಕ ಬೆಲೆ ಬರತಿದ್ದದ್ದು ಚಿತ್ರದಿಂದ ಅಲ್ಲ, ಸುತ್ತ ಕೂತ ಹತ್ತು ಮಂದಿ ಸಾಕ್ಷಿಯಿಂದ. ಊರೊಳಗ ಒಬ್ಬರಿಗೊಬ್ಬರು ಮಾರಿ ಗುರುತು ಇರೂತನಕ ಅದು ನಡೀತು.

ಇಂಗ್ರೇಜಿ ಕೋರ್ಟು ಬಂದ ಮ್ಯಾಲ ಮಾರಿ ಗುರುತಿನಕಿಂತ ಕಾಗದ ದೊಡ್ಡದಾತು. ಸಾಲದ ರೋಖೆಯೊಳಗ ಏನು ಬರೆದಾರಂತ ರೈತಗ ಓದಾಕ ಬರೂದಿಲ್ಲ. ಕೊಟ್ಟದ್ದು ಐವತ್ತು, ಬರೆದದ್ದು ನೂರು. ಇದರ ಸಿಟ್ಟು 1875ರ ಮೇ 12ಕ್ಕ ಪುಣೆ ಜಿಲ್ಲೆಯ ಸುಪಾ ಅನ್ನೂ ಪೇಟಿ ಊರಾಗ ಹೊರಗ ಬಿತ್ತು. ರೈತರು ಸಾವುಕಾರರ ಅಂಗಡಿಗೆ ನುಗ್ಗಿ ರೋಖೆ, ವಹಿ ಎಲ್ಲಾ ಹೊರಗ ತಗದು ಸುಟ್ಟರು. ಅಹಮದನಗರ ಜಿಲ್ಲಾಕ್ಕೂ ಅದು ಹಬ್ಬಿತು. ಮಂದಿ ಜೀವ ತೆಗೀಲಿಕ್ಕೆ ಹೋಗಿದ್ದು ಕಡಿಮಿ, ಕಾಗದ ಸುಡಾಕ ಹೋಗಿದ್ದು ಹೆಚ್ಚು. ಆಮ್ಯಾಲ 1879ರಾಗ ಸರಕಾರ ದಖ್ಖನ್ ರೈತರ ಪರಿಹಾರ ಕಾಯದೆ ಮಾಡಿತು. ಪುಣೆ, ಅಹಮದನಗರ, ಸಾತಾರಾ, ಸೋಲಾಪುರ, ಈ ನಾಕು ಜಿಲ್ಲಾಕ್ಕ ಅದು ಬಂತು. ರೈತನ ಕರಾರು ಹಳ್ಳಿ ರಜಿಸ್ಟ್ರಾರನ ಎದುರಿಗೇ ಬರೀಬೇಕು ಅಂತ ಅದರೊಳಗ ಇತ್ತು. ನಮ್ಮದು ಆಗ ಭೋಸಲೆ ಮನೆತನದ ಸಂಸ್ಥಾನ, ಆ ಮಾತು ಬ್ಯಾರೆ.

ಇತ್ತ ಬಂಗಾಲದೊಳಗ ಅದೇ ಕಾಗದದ ಜಗಳಕ್ಕ ಬ್ಯಾರೆ ಒಂದು ದಾರಿ ಸಿಕ್ಕಿತ್ತು. 1858ರ ಜುಲೈ ತಿಂಗಳು. ಜಂಗೀಪುರದಾಗ ವಿಲಿಯಂ ಹರ್ಷೆಲ್ ಅನ್ನೂ ಎಳೇ ವಯಸ್ಸಿನ ಅಧಿಕಾರಿ ರಸ್ತಾ ಕೆಲಸಕ್ಕ ಖಡಿ ತರಿಸಬೇಕಾಗಿತ್ತು. ರಾಜ್ಯಧರ ಕೊನಾಯಿ ಅನ್ನೂ ಗುತ್ತೇದಾರನ ಜೋಡಿ ಕರಾರು ಆತು. ನಾಳೆ ಇವ "ಈ ಸಹಿ ನಂದಲ್ಲ" ಅಂದ್ರ ಹ್ಯಾಂಗ ಅಂತ ಹರ್ಷೆಲ್‌ಗ ಅನುಮಾನ. ಕಚೇರಿ ಮೊಹರಿನ ಮಸಿ ಕೊನಾಯಿ ಅಂಗೈಗೆ ಹಚ್ಚಿ ಇಡೀ ಕೈ ಕಾಗದದ ಹಿಂದ ಒತ್ತಿಸಿದ. ಆವಾಗ ಅದು ಶಾಸ್ತ್ರ ಅಲ್ಲ, ಬರೀ ಹೆದರಿಕಿ. ಹಬ್ಬಕ್ಕ ಸುಣ್ಣದ ಕೈ, ಅರಿಷಿಣದ ಕೈ ಗ್ವಾಡಿಗೆ ಒತ್ತೂ ನಮ್ಮ ಮಂದಿಗೆ ಕೈ ಒತ್ತೂದು ಹೊಸದೇನಲ್ಲ. ಆದ್ರ ಹರ್ಷೆಲ್ ಅಲ್ಲಿಗೆ ಬಿಡಲಿಲ್ಲ. ತಂದು, ಗೆಳೆಯರದು, ವರ್ಷಾನುಗಟ್ಟಲೆ ಬೆರಳಗುರುತು ತಗೊಂಡು ಕೂಡಿಸಿದ. ಎಷ್ಟು ವರ್ಷ ಆದ್ರೂ ಗೆರಿ ಬದಲಾಗೂದಿಲ್ಲ ಅನ್ನೂದು ಗೊತ್ತಾತು. 1877ರಾಗ ಹೂಗ್ಲಿ ಜಿಲ್ಲೆಗೆ ಮ್ಯಾಜಿಸ್ಟ್ರೇಟ್ ಆದಾಗ ಪೆನ್ಶನ್ ತಗೊಳ್ಳವರಿಗೂ, ದಸ್ತಾವೇಜ ಬರೆಸವರಿಗೂ, ಜೇಲಿಗೆ ಹೋಗವರಿಗೂ ಬೆರಳಗುರುತು ಹಾಕಿಸಿದ. ಸತ್ತವನ ಪೆನ್ಶನ್ ಇನ್ನೊಬ್ಬ ತಗೊಳ್ಳೂದು, ಒಬ್ಬನ ಶಿಕ್ಷಾ ಇನ್ನೊಬ್ಬ ಭೋಗಿಸೂದು ನಿಲ್ಲಬೇಕು ಅಂತ ಅವನ ಇಚ್ಛಾ. ಮ್ಯಾಲಿನವರು ಆಗ ಅದನ್ನ ಮನಸ್ಸಿಗೆ ಹಚಗೊಳ್ಳಲಿಲ್ಲ.

ಒಂದು ಗುರುತು ಇನ್ನೊಂದು ಗುರುತಿಗೆ ಕೂಡತದೋ ಇಲ್ಲೋ ನೋಡೂದು ಸುಲಭ. ಕಪಾಟಿನೊಳಗ ಸಾವಿರಾರು ಮಂದಿ ಕಾಗದ ಇದ್ರ ಅದರಾಗ ನಮಗ ಬೇಕಾದ್ದು ಹುಡುಕೂದು ಹ್ಯಾಂಗ? ಇದೇ ನಿಜವಾದ ಗಂಟು. ಈ ಗಂಟು ಬಿಚ್ಚಿದವರು ಕಲಕತ್ತಾದ ಪೊಲೀಸ ಕಚೇರಿಯ ಇಬ್ಬರು ದೇಶೀ ನೌಕರರು: ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್. ಗುರುಗಳು ಇದನ್ನ ಶಾಳಿಯೊಳಗ ಮಕ್ಕಳ ಬೆರಳು ನೋಡೇ ಕಲಿಸಬಹುದು. ಬೆರಳ ತುದಿ ಗೆರಿ ಮೂರು ತರಹ ಇರತಾವ. ಸುಳಿ ಒಂದು, ಕುಣಿಕಿ ಹಾಂಗ ತಿರುಗಿ ಹೋಗೂದು ಒಂದು, ಕಮಾನು ಒಂದು. ನಮ್ಮ ಜ್ಯೋತಿಷ್ಯ ಹೇಳವರು ಚಕ್ರ, ಶಂಖ ಅಂತ ಮೊದಲಿಂದ ಅಂತಿದ್ರು. ಹಕ್ ಏನು ಮಾಡಿದನಂದ್ರ, ಹತ್ತು ಬೆರಳು ಐದು ಜೋಡಿ ಮಾಡಿದ. ಒಂದು ಜೋಡಿಯೊಳಗ ಎರಡೂ ಸುಳಿ ಇರಬಹುದು, ಎರಡೂ ಇರಲಿಕ್ಕಿಲ್ಲ, ಮೊದಲನೇದು ಇರಬಹುದು, ಎರಡನೇದು ಇರಬಹುದು. ಅಂದ್ರ ನಾಕು ತರಹ. ಐದು ಜೋಡಿಗೆ ನಾಕನ್ನ ಐದು ಸಲ ಗುಣಿಸಿದ್ರ 1024. ಅಡ್ಡ 32, ಉದ್ದ 32 ಖಾನೆ ಇರೂ ಕಪಾಟು ಮಾಡಿದ್ರ ಎಂಥಾ ಕಾಗದ ಬಂದ್ರೂ ಅದರ ಖಾನೆ ಎಲ್ಲಿ ಅಂತ ತಟ್ಟನೆ ಗೊತ್ತಾಗತದ. ಬೋಸ್ ಬೆರಳಗುರುತನ್ನ ತಾರಿನೊಳಗ ಕಳಸೂ ಸಂಕೇತ ಮಾಡಿದ. 1897ರಾಗ ಕಲಕತ್ತಾದೊಳಗ ಬೆರಳಗುರುತಿನ ಕಚೇರಿ ಸುರು ಆತು. 1901ಕ್ಕ ಅದೇ ಪದ್ಧತಿ ಲಂಡನ್ ಪೊಲೀಸರಿಗೆ ಹೋತು. ಹೆಸರು ಮಾತ್ರ ಇವರ ಮ್ಯಾಲಿನ ಸಾಹೇಬ ಎಡ್ವರ್ಡ್ ಹೆನ್ರಿದು: "ಹೆನ್ರಿ ಪದ್ಧತಿ". ಹಕ್ ಸಾಹೇಬಗ ಖಾನ್ ಬಹಾದ್ದೂರ್, ಬೋಸಗ ರಾಯ್ ಬಹಾದ್ದೂರ್ ಅಂತ ಪದವಿ ಕೊಟ್ಟು, ಆಮ್ಯಾಲ ಇನಾಮೂ ಕೊಟ್ಟರು. ಹಾಡು ಕಟ್ಟಿದವ ಒಬ್ಬ, ಅಂಕಿತ ಇನ್ನೊಬ್ಬಂದು ಅಂದಾಂಗ ಆತು.

ಆ ಕಚೇರಿಗೆ ಬಂದ ಮೊದಮೊದಲ ಮೊಕದ್ದಮೆಯೊಳಗ ಒಂದನ್ನ ನಾ ಭಾಳ ಸಲ ಯೋಚಿಸೀನಿ. ಬಂಗಾಲದ ಜಲಪಾಯಿಗುರಿ ಚಹಾ ತೋಟದ ಮ್ಯಾನೇಜರನ ಕೊಲೆ ಆಗಿತ್ತು. ರೊಕ್ಕದ ಪೆಟಿಗಿ ಲೂಟಿ ಆಗಿತ್ತು. ಪೆಟಿಗಿಯೊಳಗ ಒಂದು ಬಂಗಾಲಿ ಪಂಚಾಂಗ. ಅದರ ನೀಲಿ ಹೊದಿಕಿ ಮ್ಯಾಲ ಕಂದು ಬಣ್ಣದ ಕಲೆ. ಕಲಕತ್ತಾಕ್ಕ ಒಯ್ದು ನೋಡಿದ್ರ ಅದು ಕಾಂಗಾಲಿ ಚರಣ ಅನ್ನೂ ಹಿಂದಿನ ಆಳಿನ ಬಲಗೈ ಹೆಬ್ಬೆಟ್ಟಿಗೆ ಕೂಡಿತು. ಅವ ಮೊದಲೊಮ್ಮೆ ಕಳವಿನ ಶಿಕ್ಷಾ ಅನುಭವಿಸಿದ್ದರಿಂದ ಅವನ ಗುರುತು ಕಪಾಟಿನೊಳಗ ಇತ್ತು. 1898ರಾಗ ಕೋರ್ಟು ಅವಗ ಕಳವಿಗೆ ಶಿಕ್ಷಾ ಕೊಟ್ಟಿತು, ಕೊಲೆಗೆ ಕೊಡಲಿಲ್ಲ. ಕೊಲೆ ಮಾಡಿದ್ದು ಕಂಡವರು ಯಾರೂ ಇರಲಿಲ್ಲ. ಪಂಚಾಂಗ ಮುಟ್ಟ್ಯಾನ ಅನ್ನೂದು ಬೆರಳು ಹೇಳತದ, ಕೊಂದಾನ ಅನ್ನೂದು ಬೆರಳು ಹೇಳೂದಿಲ್ಲ. ಯಂತ್ರ ಹೇಳಿದ್ದೇ ಖರೇ ಅನ್ನೂ ಇವತ್ತಿನ ಮಂದಿಕಿಂತ ಆ ಕೋರ್ಟಿನವರು ಶಾಣ್ಯಾರಿದ್ರು ಅನಸತದ. ಮರುವರ್ಷ, 1899ಕ್ಕ, ಬೆರಳಗುರುತು ಬಲ್ಲವರ ಮಾತು ಸಾಕ್ಷಿಯಾಗಿ ತಗೋಬಹುದು ಅಂತ ಕಾಯದೆ ತಿದ್ದಿದರು.

ಇದು ಒಂದು ಮುಖ. ಇನ್ನೊಂದು ಮುಖ ನಮ್ಮ ಸೋಲಾಪುರದಾಗೇ ಅದ. ಸೆಟಲ್‌ಮೆಂಟ್ ಅಂತ ಎಲ್ಲಾರೂ ಅಂತಾರ, ಯಾಕ ಆ ಹೆಸರು ಬಂತಂತ ಕೇಳವರು ಕಡಿಮಿ. 1871ರಾಗ ಗುನ್ಹೇಗಾರ ಜಮಾತಿಗಳ ಕಾಯದೆ ಅಂತ ಬಂತು. ಕೆಲವು ಜಾತಿಯೊಳಗ ಹುಟ್ಟಿದವರು ಹುಟ್ಟಾ ಕಳ್ಳರು ಅಂತ ಸರಕಾರ ಬರಕೊಂಡಿತು. 1911ರ ಕಾಯದೆಯೊಳಗ ಅಂಥವರ ಬೆರಳಗುರುತು ಯಾವಾಗ ಬೇಕಾದ್ರೂ ತಗೋಬಹುದು ಅಂತಾತು. ಕೈಕಾಡಿ, ಪಾರಧಿ, ಭಾಮಟಾ, ಮಾಂಗ ಗಾರುಡಿ ಅಂತ ತಿರುಗಾಡಿ ಬದುಕೂ ಮಂದಿನ ತಂದು ತಂತಿ ಬೇಲಿಯೊಳಗ ಇಟ್ಟರು. ಹಾಜರಿ ಕೊಡಬೇಕು, ಪರವಾನಿಗಿ ಇಲ್ಲದ ಹೊರಗ ಹೋಗಾಂಗಿಲ್ಲ. ಕಳವು ಮಾಡಿದವನ ಗುರುತು ತಗೊಳ್ಳೂದು ಬ್ಯಾರೆ, ಕೂಸು ಹುಟ್ಟಿದ ಮನಿ ನೋಡಿ ಗುರುತು ತಗೊಳ್ಳೂದು ಬ್ಯಾರೆ. 1952ರ ಆಗಸ್ಟ್ 31ಕ್ಕ ಅವರಿಗೆ ಬಿಡುಗಡೆ ಆತು. ಆ ದಿನವನ್ನ ಅವರು ವಿಮುಕ್ತ ದಿನ ಅಂತ ಮಾಡತಾರ. ನಮಗ ಆಗಸ್ಟ್ 15, ಅವರಿಗೆ ಐದು ವರ್ಷ ತಡ.

ಈಗ ಆಧಾರಕ್ಕ ಬರೂಣು. ಮೊದಲ ಆಧಾರ ಕಾರ್ಡ್ ಕೊಟ್ಟದ್ದು ನಮ್ಮ ಮಹಾರಾಷ್ಟ್ರದಾಗೇ, ನಂದುರಬಾರ ಜಿಲ್ಲೆಯ ಟೆಂಭಲಿ ಹಳ್ಳಿಯೊಳಗ, 2010ರ ಸೆಪ್ಟೆಂಬರ್ 29ಕ್ಕ. ಹತ್ತು ಬೆರಳು, ಎರಡು ಕಣ್ಣಿನ ಪಾಪಿ, ಒಂದು ಫೋಟೋ, 12 ಅಂಕಿ. ರೇಶನ್ ದುಕಾನದ ಸಣ್ಣ ಮಷೀನ್ ನಿಮ್ಮ ನಂಬರ್ ಮತ್ತು ಬೆರಳು ಎರಡೂ ಕೂಡಿಸಿ ಕೇಂದ್ರಕ್ಕ ಕಳಸತದ. ಅಲ್ಲಿಂದ ಹೌದು ಅಥವಾ ಅಲ್ಲ ಅಂತ ಬರತದ. ಹಕ್‌ನ ಕಪಾಟಿನಾಗ "ಇವ ಯಾರು" ಅಂತ ಹುಡುಕೂದಿತ್ತು. ಇಲ್ಲಿ "ಇವ ಅವನೇ ಹೌದೋ" ಅಂತ ಅಷ್ಟೇ ಕೇಳೂದು. ಹುಸಿ ಹೆಸರಿನ ಕಾರ್ಡ್ ಮ್ಯಾಲ ಜ್ವಾಳ, ಗೋಧಿ ಎತ್ತೂದಕ್ಕ ಇದರಿಂದ ಲಗಾಮು ಬಿತ್ತು, ಅದನ್ನ ಇಲ್ಲ ಅನ್ನಬಾರದು.

ಆದ್ರ ಬೆರಳಿನ ಗೆರಿ ಸವೀತಾವ. ಜ್ವಾಳ ಕೀಳವರು, ಕಲ್ಲು ಒಡಿಯವರು, ಸುಣ್ಣ ಸಿಮೆಂಟಿನ ಕೆಲಸದವರು, ಪಾತ್ರೆ ತಿಕ್ಕೂ ಹೆಣ್ಣುಮಕ್ಕಳು, ಇವರ ಬೆರಳನ್ನ ಮಷೀನ್ ಒಪ್ಪೂದಿಲ್ಲ. ಒಂದು ಸುಗ್ಗಿಯೊಳಗ ನನ್ನ ಹೆಂಡತಿನ ಒಂದು ದುಕಾನದವರು ಮೂರು ಸಲ ವಾಪಸ ಕಳಿಸಿದ್ರು. ಹನ್ನೊಂದು ಎಕರೆ ಜ್ವಾಳ ಕಿತ್ತ ಕೈ ಅದು. "ಕಾಕು, ನಿಮ್ಮ ಬೆರಳೇ ಇಲ್ಲಲ್ರಿ" ಅಂದ ಹುಡುಗ. ದುಡಿದವರ ಬೆರಳು ಸವೀತಾವ, ಕೂತು ತಿಂದವರ ಬೆರಳು ನುಣ್ಣಗ ಇದ್ದು ಮಷೀನಿಗೆ ಹತ್ತತಾವ. ನೇಗಿಲೇ ಸಹಿ ಆಗಿದ್ದ ಕಾಲದಿಂದ ನೇಗಿಲು ಹಿಡಿದದ್ದೇ ತಪ್ಪಾಗೂ ಕಾಲಕ್ಕ ಬಂದೀವಿ.

ಹಂಗಂತ ಸುಮ್ಮನ ವಾಪಸ ಬರಬ್ಯಾಡ್ರಿ. ಗೆರಿ ಚರ್ಮದ ಒಳಗಿಂದ ಬರತಾವ, ನಾಕು ದಿನ ಕೆಲಸ ಬಿಟ್ಟು ಎಣ್ಣಿ ಹಚ್ಚಿದ್ರ ಮತ್ತ ಮೂಡತಾವ. ಮನಿಯ ಬ್ಯಾರೆ ಯಾರದಾದರೂ ಬೆರಳು ನಡೀತದ. ಮೊಬೈಲಿಗೆ ಬರೂ ಅಂಕಿ, ಕಣ್ಣಿನ ಗುರುತು ಅಂತ ಬ್ಯಾರೆ ದಾರಿಗಳೂ ಅದಾವ. ಬೆರಳು ಹತ್ತಲಿಲ್ಲ ಅಂತ ರೇಶನ್ ತಪ್ಪಿಸಬಾರದು ಅಂತ ಕೇಂದ್ರ ಸರಕಾರ 2017ರಾಗೇ ರಾಜ್ಯಗಳಿಗೆ ಬರೆದದ. 2018ರ ಸೆಪ್ಟೆಂಬರ್ 26ರ ತೀರ್ಪಿನೊಳಗ ಸುಪ್ರೀಂ ಕೋರ್ಟು ಆಧಾರ ಕಾಯದೆಯನ್ನ ಎತ್ತಿ ಹಿಡೀತು. ಆದ್ರ ಬ್ಯಾಂಕ್ ಖಾತೆಗೆ, ಮೊಬೈಲಿಗೆ ಅದನ್ನ ಜೋಡಿಸಲೇಬೇಕು ಅನ್ನೂದನ್ನ ತೆಗೆದು ಹಾಕಿತು. ಶಾಳಿ ಪ್ರವೇಶಕ್ಕ ಅದು ಕಡ್ಡಾಯ ಅಲ್ಲ ಅಂತಲೂ ಹೇಳಿತು. ಗುರುಗಳು ಇಷ್ಟು ನೆನಪಿಡಬೇಕು. ಐದು ವರ್ಷದೊಳಗಿನ ಕೂಸಿನ ಕಾರ್ಡಿನಾಗ ಬೆರಳಗುರುತು ಇರೂದಿಲ್ಲ. ಐದಾದಾಗ ಒಮ್ಮೆ, ಹದಿನೈದಾದಾಗ ಒಮ್ಮೆ ಕೊಡಿಸಬೇಕು.

ಇನ್ನ ನಿವೃತ್ತ ಮಾಸ್ತರರದು. ನವೆಂಬರ್ ಬಂತಂದ್ರ ಅವರು ಬದುಕೀವಿ ಅಂತ ಹಯಾತಿ ದಾಖಲೆ ಕೊಡಬೇಕು. ಹೂಗ್ಲಿಯೊಳಗ 1877ರಾಗ ಹರ್ಷೆಲ್‌ಗ ಬಂದ ತಕರಾರೇ ಇದು. 2014ರಿಂದ ಇದನ್ನ ಬೆರಳು ಕೊಟ್ಟು ಮಾಡೂ ಸವಲತ್ತು ಬಂತು, ಆಮ್ಯಾಲ ಮೊಬೈಲ್ ಕ್ಯಾಮೆರಾದ ಮುಂದ ಮಾರಿ ತೋರಿಸಿದ್ರೂ ನಡೀತದ ಅಂತಾತು. ನಮ್ಮೂರ ಹಿರಿಯ ಮಾಸ್ತರು ಒಬ್ಬರು ಓಣಿ ಕಟ್ಟಿ ಮ್ಯಾಲ ಕೂತು ಮೊಮ್ಮಗನ ಮೊಬೈಲಿಗೆ ಕಣ್ಣು ಪಿಳುಕಿಸಿ, "ನಾ ಇದ್ದೀನಂತ ದಿಲ್ಲಿಗೆ ಗೊತ್ತಾತೇನಪಾ?" ಅಂತ ಕೇಳತಾರ. ಅವ ಹೌದು ಅಜ್ಜಾ ಅಂದ್ರ, ತಂಬಾಕು ತಿಕ್ಕಾಕ ಹತ್ತತಾರ.