ಉದ್ಯಮವೂ ರಾಜಕಾರಣವೂ : ವಯನಾಡಿನ ಶ್ರೀ ಎಂ. ಪಿ. ವೀರೇಂದ್ರಕುಮಾರರು



ವ್ಯಾಪಾರ ಮಾಡುವವನು ರಾಜಕಾರಣಕ್ಕೆ ಇಳಿಯಬಹುದೇ ಎಂಬ ಪ್ರಶ್ನೆ ನಮ್ಮ ಸಮಾಜದಲ್ಲಿ ಹಳೆಯದು. ನಮ್ಮ ತೀರ್ಥರೂಪರು ಈ ಕಟಕೋಳದಲ್ಲಿ ಜೀವಮಾನವೆಲ್ಲ ಅಂಗಡಿಯ ಗಾದಿಯ ಮೇಲೆ ಕುಳಿತವರು. ಚುನಾವಣೆಯ ದಿನಗಳಲ್ಲಿ ಯಾರಾದರೂ ಬಂದು, "ಸಾವಕಾರ್ರ, ನೀವೂ ಒಮ್ಮೆ ನಿಲ್ರಿ" ಎಂದರೆ ಅವರು ನಕ್ಕು, "ಅಂಗಡ್ಯಾಗ ಕುಂತಾವ್ಗ ಎಲ್ಲಾರೂ ಗಿರಾಕಿನ. ಒಂದು ಬಾವುಟ ಹಿಡದರ ಅರ್ಧಾ ಊರು ಹೋಕ್ಕತಿ" ಎನ್ನುತ್ತಿದ್ದರು. ಆ ಮಾತಿನಲ್ಲಿ ಅನುಭವವಿತ್ತು. ಆದರೆ ನಮ್ಮ ಇತಿಹಾಸವು ಬೇರೊಂದು ಸಾಕ್ಷ್ಯವನ್ನೂ ನುಡಿಯುತ್ತದೆ. 11ನೆಯ ಶತಮಾನದಲ್ಲಿ ಹುಂಚದಲ್ಲಿ ಪಟ್ಟಣಸ್ವಾಮಿ ನೊಕ್ಕಯ್ಯಸೆಟ್ಟಿಯು ಜಿನಾಲಯವನ್ನು ಕಟ್ಟಿಸಿದನು. ಅವನು ವರ್ತಕನೂ ಹೌದು, ಪಟ್ಟಣದ ಆಡಳಿತದಲ್ಲಿ ಅಧಿಕಾರವುಳ್ಳವನೂ ಹೌದು. ನಮ್ಮ ಸವದತ್ತಿಯ ರಟ್ಟರ ಕಾಲದಲ್ಲಿ, 1204ರ ಸುಮಾರಿಗೆ, ನಾಲ್ವಡಿ ಕಾರ್ತವೀರ್ಯನ ಮಂತ್ರಿ ಬೀಚಿರಾಜನು ಬೆಳಗಾವಿಯ ಕೋಟೆಯೊಳಗೆ ಕಮಲಬಸದಿಯನ್ನು ನಿರ್ಮಿಸಿದನು. ಸಂಪತ್ತು, ಅಧಿಕಾರ, ಧರ್ಮ ಈ ಮೂರೂ ಒಂದೆಡೆ ಕೂಡಿದ ಉದಾಹರಣೆಗಳು ನಮ್ಮಲ್ಲಿ ಉಂಟು.

ಆದರೆ ಅವು ಅರಸರ ಕಾಲದ ಮಾತುಗಳು. ಜನರ ಮತದಿಂದ ಅಧಿಕಾರ ದೊರೆಯುವ ಈ ಕಾಲದಲ್ಲಿ, ಮತಸಂಖ್ಯೆಯಲ್ಲಿ ಅತ್ಯಲ್ಪರಾದ ನಮ್ಮವರೊಬ್ಬರು ಉದ್ಯಮವನ್ನೂ ಬಿಡದೆ ರಾಜಕಾರಣವನ್ನೂ ಬಿಡದೆ ಅರುವತ್ತು ವರುಷಗಳಿಗೂ ಮೇಲ್ಪಟ್ಟು ಬಾಳಿದ ಒಂದು ಚರಿತ್ರೆಯನ್ನು ಈ ಪ್ರತಿಷ್ಠಾ ಮಹೋತ್ಸವದ ಸಂಚಿಕೆಯಲ್ಲಿ ನಿವೇದಿಸಬಯಸುತ್ತೇನೆ. ಅವರು ಕೇರಳದ ವಯನಾಡಿನ ಶ್ರೀ ಮಣಿಯಂಕೋಡು ಪದ್ಮಪ್ರಭ ವೀರೇಂದ್ರಕುಮಾರರು.

ಮೊದಲು ಆ ನಾಡಿನ ಪರಿಚಯ. ಮೈಸೂರಿನಿಂದ ಗುಂಡ್ಲುಪೇಟೆಯ ಮೇಲೆ ಹೊರಟು ಬಂಡೀಪುರದ ಅಡವಿಯನ್ನು ದಾಟಿದರೆ ವಯನಾಡಿನ ಸುಲ್ತಾನ್ ಬತ್ತೇರಿ ಸಿಕ್ಕುತ್ತದೆ. ಆ ಊರಿಗೆ ಹಿಂದೆ 'ಹನ್ನೆರಡು ಬೀದಿ' ಎಂಬ ಹೆಸರೂ ಇತ್ತು. ಅಚ್ಚಗನ್ನಡದ ಈ ಹೆಸರೇ ಅಲ್ಲಿ ನೆಲೆಸಿದ್ದ ಜೈನರ ಮೂಲವನ್ನು ಸಾರುತ್ತದೆ. ವಿಜಯನಗರ ಶೈಲಿಯ ಶಿಲಾಮಯ ಬಸದಿಯೊಂದು ಅಲ್ಲಿ ಇಂದಿಗೂ ನಿಂತಿದೆ. ಟಿಪ್ಪು ಸುಲ್ತಾನನ ಸೈನ್ಯವು ಅದನ್ನು ಮದ್ದುಗುಂಡುಗಳ ಉಗ್ರಾಣವಾಗಿ ಬಳಸಿದ ಕಾರಣದಿಂದಲೇ ಊರಿಗೆ 'ಬತ್ತೇರಿ' ಎಂಬ ಹೆಸರು ಬಂದಿತು. ಅಲ್ಲಿಂದ ಮುಂದಕ್ಕೆ ಕಲ್ಪೆಟ್ಟದ ಹತ್ತಿರ ಪುಳಿಯಾರ್‌ಮಲೆಯಲ್ಲಿ ಭಗವಾನ್ ಅನಂತನಾಥಸ್ವಾಮಿಯ ಬಸದಿಯಿದೆ. ಈ ಪ್ರದೇಶದ ಜೈನರು ಪೂರ್ವದಲ್ಲಿ ಕರ್ನಾಟಕದಿಂದ ಹೋಗಿ ನೆಲೆಸಿದವರು. ನಮ್ಮ 'ಗೌಡ' ಎಂಬ ಶಬ್ದವೇ ಅಲ್ಲಿ 'ಗೌಡರ್' ಆಗಿದೆ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಜೈನರ ಸಂಖ್ಯೆ 4 ಲಕ್ಷ 40 ಸಾವಿರವಾದರೆ, ಇಡೀ ಕೇರಳದಲ್ಲಿ ಸುಮಾರು 4,500 ಮಾತ್ರ. ಮೂರೂ ಕಾಲು ಕೋಟಿ ಜನರ ರಾಜ್ಯದಲ್ಲಿ ಈ ಸಂಖ್ಯೆಯನ್ನು ನಂಬಿ ಯಾರೂ ಚುನಾವಣೆ ಗೆಲ್ಲಲಾರರು ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ಇಂತಹ ನಾಡಿನ ಕಲ್ಪೆಟ್ಟದಲ್ಲಿ, ಕಾಫಿತೋಟಗಳನ್ನುಳ್ಳ ಜಮೀನುದಾರರ ಮನೆಯಲ್ಲಿ, 1936ರ ಜುಲೈ 22ರಂದು ವೀರೇಂದ್ರಕುಮಾರರು ಜನಿಸಿದರು. ತಂದೆ ಶ್ರೀ ಎಂ. ಕೆ. ಪದ್ಮಪ್ರಭ ಗೌಡರ್, ತಾಯಿ ಶ್ರೀಮತಿ ಮರುದೇವಿ ಅವ್ವ. ತಂದೆಗೆ ಆರನೆಯ ತೀರ್ಥಂಕರರ ಹೆಸರು, ತಾಯಿಗೆ ಆದಿನಾಥಸ್ವಾಮಿಯ ಮಾತೆಯ ಹೆಸರು. ಜೊತೆಗೆ ನಾವು ನಮ್ಮ ಮನೆಗಳಲ್ಲಿ ದಿನವೂ ಕರೆಯುವ 'ಅವ್ವ' ಎಂಬ ಶಬ್ದ! ಮಲೆಯಾಳದ ನಡುವೆ ಎಷ್ಟೋ ತಲೆಮಾರು ಕಳೆದರೂ ಈ ಶಬ್ದ ಅಳಿಯಲಿಲ್ಲ.

ರಾಜಕಾರಣವು ಆ ಮನೆಗೆ ಹೊಸದಲ್ಲ. ಪದ್ಮಪ್ರಭ ಗೌಡರು ಸಮಾಜವಾದಿ ಪಕ್ಷದ ಮುಖಂಡರು, ಹಿಂದಿನ ಮದ್ರಾಸ್ ಶಾಸನಸಭೆಯ ಸದಸ್ಯರು. ಅದೇ ಕಲ್ಪೆಟ್ಟದ ಮತ್ತೊಬ್ಬ ಜೈನ ಮುಖಂಡ ಶ್ರೀ ಎಂ. ಕೆ. ಜಿನಚಂದ್ರನ್ ಕಾಂಗ್ರೆಸಿನವರು. ಅವರು 1957ರಲ್ಲಿ ತಲಶ್ಶೇರಿ ಕ್ಷೇತ್ರದಿಂದ ಲೋಕಸಭೆಗೆ ಆಯ್ಕೆಯಾದರು. ಅಂದು ಅವರೆದುರು ಸೋತವರು ಮುಂದೆ ಜ್ಞಾನಪೀಠ ಪ್ರಶಸ್ತಿ ಪಡೆದ ಸಾಹಿತಿ ಎಸ್. ಕೆ. ಪೊಟ್ಟೆಕ್ಕಾಟ್. ಒಂದೇ ಸಣ್ಣ ಸಮಾಜದಲ್ಲಿ ಎರಡು ಪಕ್ಷಗಳು, ಎರಡರಲ್ಲಿಯೂ ಮುಂದಾಳುಗಳು!

ವೀರೇಂದ್ರಕುಮಾರರು ಮದ್ರಾಸಿನಲ್ಲಿ ತತ್ತ್ವಶಾಸ್ತ್ರದ ಎಂ. ಎ. ಮುಗಿಸಿ, ಅಮೇರಿಕೆಯ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ವ್ಯವಹಾರಾಡಳಿತದ ಪದವಿ ಪಡೆದರು. ಒಂದು ವಿದ್ಯೆ ಆತ್ಮದ ವಿಚಾರದ್ದು, ಇನ್ನೊಂದು ಲಾಭನಷ್ಟದ ವಿಚಾರದ್ದು. ಆದರೆ ಈ ಎರಡಕ್ಕೂ ಮೊದಲೇ, ಎಳೆಯ ವಯಸ್ಸಿನಲ್ಲಿಯೇ, ಜಯಪ್ರಕಾಶ ನಾರಾಯಣರಿಂದ ಸಮಾಜವಾದಿ ಪಕ್ಷದ ಸದಸ್ಯತ್ವ ಪಡೆದಿದ್ದರು. ಭೂಮಿ ಉಳ್ಳವರ ಮಗ ಭೂಮಿ ಹಂಚಬೇಕೆನ್ನುವ ಪಕ್ಷವನ್ನು ಸೇರಿದುದು ವಿಚಿತ್ರವೆನಿಸಬಹುದು. ಆದರೂ ಪಕ್ಷದವರು ಅವರನ್ನು ನಂಬಿ 1968ರಿಂದ 1970ರವರೆಗೆ ಸಂಯುಕ್ತ ಸಮಾಜವಾದಿ ಪಕ್ಷದ ಅಖಿಲ ಭಾರತ ಖಜಾಂಚಿಯ ಹೊಣೆಯನ್ನು ವಹಿಸಿದರು. ಪರರ ಹಣದ ಲೆಕ್ಕವನ್ನು ಯಾರ ಕೈಗೆ ಕೊಡಬೇಕೆಂಬುದು ವ್ಯಾಪಾರಿಗಳಾದ ನಮಗೆ ಗೊತ್ತು. ಇದು ಸಣ್ಣ ಮರ್ಯಾದೆಯಲ್ಲ. 1975ರಲ್ಲಿ ತುರ್ತುಪರಿಸ್ಥಿತಿ ಘೋಷಣೆಯಾದಾಗ ಅವರು ಅದನ್ನು ವಿರೋಧಿಸಿ ಸೆರೆಮನೆಯನ್ನು ಕಂಡರು. ಆಸ್ತಿಯುಳ್ಳವರು ಸರಕಾರದೊಡನೆ ಹೊಂದಿಕೊಂಡು ಹೋಗುವುದೇ ಲೋಕರೂಢಿಯಾಗಿದ್ದ ಕಾಲವದು.

ಅವರ ಉದ್ಯಮಜೀವನದ ದೊಡ್ಡ ಅಧ್ಯಾಯ 1979ರಲ್ಲಿ ಆರಂಭವಾಯಿತು. ಆ ವರ್ಷ ಅವರು ಕೋಳಿಕೋಡಿನ 'ಮಾತೃಭೂಮಿ' ಪತ್ರಿಕೆಯ ಆಡಳಿತ ನಿರ್ದೇಶಕರಾದರು. ಈ ಪತ್ರಿಕೆ ಸಾಮಾನ್ಯವಾದುದಲ್ಲ. ಮಹಾತ್ಮಾ ಗಾಂಧಿಯವರಿಗೆ ಶಿಕ್ಷೆಯಾದ ಒಂದು ವರ್ಷಕ್ಕೆ ಸರಿಯಾಗಿ, 1923ರ ಮಾರ್ಚ್ 18ರಂದು, ಕೆ. ಪಿ. ಕೇಶವ ಮೇನೋನರ ಸಂಪಾದಕತ್ವದಲ್ಲಿ ಹೊರಟ ಸ್ವಾತಂತ್ರ್ಯ ಹೋರಾಟದ ಪತ್ರಿಕೆಯದು. ಮೊದಲು ವಾರಕ್ಕೆ ಮೂರು ಬಾರಿ ಬರುತ್ತಿದ್ದು, ಉಪ್ಪಿನ ಸತ್ಯಾಗ್ರಹದ ದಿನಗಳಲ್ಲಿ, 1930ರ ಏಪ್ರಿಲ್ 6ರಿಂದ, ದಿನಪತ್ರಿಕೆಯಾಯಿತು. ಜನರಿಗೆ ಷೇರು ಮಾರಿ ಕಟ್ಟಿದ ಸಂಸ್ಥೆಯಾದ್ದರಿಂದ ಅದನ್ನು ಕೇರಳದ ಜನ ತಮ್ಮದೆಂದೇ ಭಾವಿಸುತ್ತಾರೆ. 1980ರ ದಶಕದ ಕೊನೆಯಲ್ಲಿ ಮುಂಬಯಿಯ ಅತಿ ದೊಡ್ಡ ಪತ್ರಿಕಾಸಂಸ್ಥೆಯೊಂದು ಅದರ ಷೇರುಗಳನ್ನು ಕೊಂಡು ಒಳಬರಲು ಯತ್ನಿಸಿದಾಗ, ವೀರೇಂದ್ರಕುಮಾರರು ಜನರ ಮುಂದೆಯೂ ನ್ಯಾಯಾಲಯದ ಮುಂದೆಯೂ ಹೋಗಿ ಹೋರಾಡಿದರು. ಪತ್ರಿಕೆ ಕೇರಳದವರ ಕೈಯಲ್ಲಿಯೇ ಉಳಿಯಿತು. ಮುಂದೆ ಅವರು ದೇಶದ ಪ್ರಮುಖ ಸುದ್ದಿಸಂಸ್ಥೆಯಾದ ಪ್ರೆಸ್ ಟ್ರಸ್ಟ್ ಆಫ್ ಇಂಡಿಯಾದ ಅಧ್ಯಕ್ಷಸ್ಥಾನವನ್ನೂ ಅಲಂಕರಿಸಿದರು.

ಇನ್ನು ಅಧಿಕಾರದ ಮಾತು. 1987ರಲ್ಲಿ ಅವರು ಕಲ್ಪೆಟ್ಟದಿಂದ ಕೇರಳ ವಿಧಾನಸಭೆಗೆ ಆಯ್ಕೆಯಾಗಿ, ಇ. ಕೆ. ನಾಯನಾರರ ಮಂತ್ರಿಮಂಡಲದಲ್ಲಿ ಅರಣ್ಯ ಸಚಿವರಾದರು. ಅರಣ್ಯಗಳಲ್ಲಿ ಮರ ಕಡಿಯಬಾರದೆಂಬ ಆಜ್ಞೆಯೇ ಅವರ ಮೊದಲ ಆಜ್ಞೆ. ಆ ಬಳಿಕ ಪಕ್ಷದೊಳಗಣ ಭಿನ್ನಾಭಿಪ್ರಾಯದ ದೆಸೆಯಿಂದ ಕೆಲವೇ ದಿನಗಳಲ್ಲಿ ರಾಜೀನಾಮೆ ಕೊಟ್ಟು ಹೊರಬಂದರು. ಮಂತ್ರಿಪದವಿಗಾಗಿ ವರ್ಷಗಟ್ಟಲೆ ಕಾಯುವವರನ್ನು ನಾವು ಕಂಡಿದ್ದೇವೆ. ದೊರೆತ ಪದವಿಯನ್ನು ವಾರ ತುಂಬುವುದರೊಳಗೆ ಬಿಟ್ಟವರು ವಿರಳ. ಮಲೆನಾಡಿನ ತೋಟದ ಯಜಮಾನನೊಬ್ಬ ಮರದ ಮೇಲೆ ಕೊಡಲಿ ಬೀಳದಂತೆ ಸಹಿ ಹಾಕಿದನೆಂಬುದೂ ಅಹಿಂಸಾಧರ್ಮದ ನಮಗೆ ಮನನೀಯ.

1996ರಲ್ಲಿ ಕೋಳಿಕೋಡಿನಿಂದ ಲೋಕಸಭೆಗೆ ಗೆದ್ದರು. ನಮ್ಮ ಕರ್ನಾಟಕದ ಶ್ರೀ ಎಚ್. ಡಿ. ದೇವೇಗೌಡರು ಪ್ರಧಾನಿಯಾಗಿದ್ದಾಗ, 1997ರಲ್ಲಿ, ಹಣಕಾಸು ಖಾತೆಯ ರಾಜ್ಯ ಸಚಿವರಾದರು. ತರುವಾಯ ಶ್ರೀ ಐ. ಕೆ. ಗುಜ್ರಾಲರ ಸರಕಾರದಲ್ಲಿ ಕಾರ್ಮಿಕ ಖಾತೆಯನ್ನು ಸ್ವತಂತ್ರವಾಗಿ ನಿರ್ವಹಿಸಿದರು. 2004ರಲ್ಲಿ ಕೋಳಿಕೋಡಿನ ಜನ ಮತ್ತೊಮ್ಮೆ ಆರಿಸಿ ಕಳಿಸಿದರು. ಅವರು ಗ್ಯಾಟ್ ಒಪ್ಪಂದವನ್ನು ವಿರೋಧಿಸಿ ಪುಸ್ತಕ ಬರೆದು ಊರೂರು ತಿರುಗಿ ಮಾತನಾಡಿದರು. ಹೊರದೇಶದ ಸರಕು ತಡೆಯಿಲ್ಲದೆ ಬಂದರೆ ಮೆಣಸು, ಕಾಫಿ ಬೆಳೆಯುವ ಸಣ್ಣ ರೈತನ ಗತಿಯೇನು ಎಂಬುದು ಅವರ ಪ್ರಶ್ನೆ. ಮುಂದಿನ ವರ್ಷಗಳಲ್ಲಿ ಈ ಬೆಳೆಗಳ ಧಾರಣೆ ಕುಸಿದು ವಯನಾಡಿನ ರೈತರು ಆತ್ಮಹತ್ಯೆಗೆ ಶರಣಾದಾಗ ಆ ಪ್ರಶ್ನೆಯ ತೂಕ ಎಲ್ಲರಿಗೂ ತಿಳಿಯಿತು. ಹತ್ತಿ, ಗೋವಿನಜೋಳಗಳ ಪೇಟೆಧಾರಣೆ ಒಂದೇ ವಾರದಲ್ಲಿ ಇಳಿದರೆ ರೈತನ ಮುಖ ಹೇಗಾಗುತ್ತದೆಂಬುದನ್ನು ನಾವೂ ಕಂಡವರೇ.

ಪಾಲಕ್ಕಾಡು ಜಿಲ್ಲೆಯ ಪ್ಲಾಚಿಮಡ ಎಂಬ ಹಳ್ಳಿಯ ಪ್ರಕರಣವಂತೂ ಅವರ ಬಾಳಿನ ಸಾರ್ಥಕ ಘಟನೆ. ಅಲ್ಲಿ 2000ದಲ್ಲಿ ಕೋಕಾ-ಕೋಲಾ ಕಂಪನಿಯ ಕಾರ್ಖಾನೆ ಆರಂಭವಾಯಿತು. ಬಾವಿಗಳ ನೀರು ಬತ್ತಿತು, ಉಳಿದುದು ಕುಡಿಯಲು ಬಾರದಂತಾಯಿತು ಎಂದು 2002ರ ಏಪ್ರಿಲಿನಲ್ಲಿ ಆದಿವಾಸಿಗಳು ಕಾರ್ಖಾನೆಯೆದುರು ಧರಣಿ ಕುಳಿತರು. ವೀರೇಂದ್ರಕುಮಾರರು ತಾವೂ ಅವರ ಪರ ನಿಂತು, ಪತ್ರಿಕೆಯನ್ನೂ ನಿಲ್ಲಿಸಿದರು. 2004ರ ಜನವರಿಯಲ್ಲಿ ಆ ಹಳ್ಳಿಯಲ್ಲಿ ವಿಶ್ವ ಜಲಸಮ್ಮೇಳನವೇ ನೆರವೇರಿತು. ಅದೇ ವರ್ಷ ಮಾರ್ಚಿನಲ್ಲಿ ಕಾರ್ಖಾನೆ ನಿಂತಿತು. ಪತ್ರಿಕೆಯು ಜಾಹೀರಾತಿನ ಹಣದಿಂದ ಬದುಕುವ ಉದ್ಯಮ. ಜಾಹೀರಾತು ಕೊಡಬಲ್ಲ ಶ್ರೀಮಂತ ಕಂಪನಿಯ ವಿರುದ್ಧ, ಕೊಡಲು ಏನೂ ಇಲ್ಲದ ಬಡವರ ಪಕ್ಷ ವಹಿಸುವುದೆಂದರೆ ವ್ಯಾಪಾರದ ಲೆಕ್ಕದಲ್ಲಿ ಅದು ಜಮೆಯ ಕಡೆಯ ಬಾಬಲ್ಲ.

ಜಮೆಯನ್ನೇ ಹೇಳಿ ಖರ್ಚನ್ನು ಮುಚ್ಚಿಡುವುದು ಪ್ರಾಮಾಣಿಕ ಕಿರ್ದಿಯಾಗದು. ಪತ್ರಿಕೆಯ ಒಡೆತನವೂ ಪಕ್ಷದ ನಾಯಕತ್ವವೂ ಒಬ್ಬರಲ್ಲಿಯೇ ಇದ್ದರೆ ಸುದ್ದಿ ನಿಷ್ಪಕ್ಷವಾಗಿರಬಲ್ಲುದೇ ಎಂಬ ಆಕ್ಷೇಪ ಅವರನ್ನು ಕೊನೆಯವರೆಗೂ ಬಿಡಲಿಲ್ಲ. 2009ರಲ್ಲಿ ಕೋಳಿಕೋಡು ಕ್ಷೇತ್ರವನ್ನು ತಮಗೆ ಬಿಟ್ಟುಕೊಡಲಿಲ್ಲವೆಂದು ಎಡರಂಗವನ್ನು ತ್ಯಜಿಸಿ, ತಾವು ಬಹುಕಾಲ ವಿರೋಧಿಸಿದ್ದ ಕಾಂಗ್ರೆಸ್ ಕೂಟದತ್ತ ಹೋದರು. 2010ರಲ್ಲಿ ಕೃಷ್ಣಗಿರಿಯಲ್ಲಿ ಅವರ ಪುತ್ರರ ಸ್ವಾಧೀನದಲ್ಲಿದ್ದ ಜಮೀನು ಸರಕಾರದ್ದೆಂದು ಹೇಳಿ ಆದಿವಾಸಿಗಳು ಒಳಹೊಕ್ಕರು. ವಿವಾದ ನ್ಯಾಯಾಲಯಕ್ಕೆ ಹೋಯಿತು. ಅದರಲ್ಲಿ ಪಕ್ಷರಾಜಕೀಯವೂ ಬೆರೆತಿತ್ತು. ಆದರೂ ಪ್ಲಾಚಿಮಡದ ಆದಿವಾಸಿಗಳ ಜೊತೆ ನಿಂತವರ ಮನೆಯ ಜಮೀನಿನಲ್ಲಿಯೇ ಇಂತಹ ಪ್ರಶ್ನೆ ಎದ್ದುದು ನೋವಿನ ಸಂಗತಿ. ಪುತ್ರ ಶ್ರೀ ಎಂ. ವಿ. ಶ್ರೇಯಾಂಸ ಕುಮಾರರು ಕಲ್ಪೆಟ್ಟದಿಂದ ಎರಡು ಬಾರಿ ಶಾಸಕರಾದರು. ತಂದೆಯ ನಿಧನಾನಂತರ ತೆರವಾದ ರಾಜ್ಯಸಭೆಯ ಸ್ಥಾನಕ್ಕೂ 2020ರಲ್ಲಿ ಅವರೇ ಬಂದರು. ಅಂಗಡಿಯನ್ನು ಮಗನಿಗೆ ಬಿಡುವುದು ಸಹಜ. ಸಾರ್ವಜನಿಕ ಸ್ಥಾನ ಅಂಗಡಿಯಂತಹುದೇ ಎಂಬುದನ್ನು ವಾಚಕರೇ ವಿಚಾರಿಸಬೇಕು.

ಇಷ್ಟೆಲ್ಲವನ್ನು ತೂಗಿದ ಮೇಲೂ ಒಂದು ಗುಣ ತಕ್ಕಡಿಯಲ್ಲಿ ಕೆಳಗೆ ನಿಲ್ಲುತ್ತದೆ. 2016ರಲ್ಲಿ ಅವರು ಜನತಾದಳ (ಯು) ಪಕ್ಷದಿಂದ ರಾಜ್ಯಸಭೆಗೆ ಆಯ್ಕೆಯಾಗಿದ್ದರು. 2017ರಲ್ಲಿ ಆ ಪಕ್ಷದ ಮುಖ್ಯಸ್ಥ ನಿತೀಶ ಕುಮಾರರು ತಾವು ಅದುವರೆಗೆ ವಿರೋಧಿಸಿದ್ದ ಕೂಟವನ್ನು ಸೇರಿದರು. ಇದನ್ನೊಪ್ಪದ ವೀರೇಂದ್ರಕುಮಾರರು ಆ ವರ್ಷದ ಡಿಸೆಂಬರಿನಲ್ಲಿ ಸದಸ್ಯತ್ವಕ್ಕೇ ರಾಜೀನಾಮೆ ಕೊಟ್ಟರು. ಅವಧಿ ಇನ್ನೂ ನಾಲ್ಕು ವರ್ಷಕ್ಕೂ ಮೇಲ್ಪಟ್ಟು ಉಳಿದಿತ್ತು, ವಯಸ್ಸು ಎಂಬತ್ತೊಂದು. 2018ರ ಮಾರ್ಚಿನಲ್ಲಿ ಎಡರಂಗದ ಬೆಂಬಲದಿಂದ ಅದೇ ಸಭೆಗೆ ಮರಳಿದರೆಂಬುದು ನಿಜ. ಆದರೆ ಒಂದು ಪಕ್ಷದ ಹೆಸರಿನಲ್ಲಿ ಪಡೆದುದನ್ನು ಆ ಪಕ್ಷ ಬಿಡುವಾಗ ಮೊದಲು ಹಿಂದಿರುಗಿಸಿದರು. ಸಾಲ ತೀರಿಸಿಯೇ ಹೊಸ ಖಾತೆ ತೆರೆಯಬೇಕೆಂಬ ನಮ್ಮ ಹಿರಿಯರ ನಿಯಮವೇ ಇದಾಗಿದೆ.

ಅವರು ಗ್ರಂಥಕರ್ತರೂ ಆಗಿದ್ದರು. ಹಿಮಾಲಯ ಯಾತ್ರೆಯನ್ನು ಕುರಿತ 'ಹೈಮವತಭೂವಿಲ್' ಎಂಬ ಮಲೆಯಾಳ ಗ್ರಂಥಕ್ಕೆ 2010ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ, ಅನಂತರ 2016ನೇ ಸಾಲಿನ ಮೂರ್ತಿದೇವಿ ಪುರಸ್ಕಾರವೂ ಲಭಿಸಿದವು. ಜೈನ ಉದ್ಯಮಿ ಸಾಹು ಶಾಂತಿಪ್ರಸಾದರ ಕುಟುಂಬ ಸ್ಥಾಪಿಸಿದ ಭಾರತೀಯ ಜ್ಞಾನಪೀಠ ಸಂಸ್ಥೆಯು ಕೊಡುವ ಈ ಪುರಸ್ಕಾರವು ಮೊತ್ತಮೊದಲು, 1983ರಲ್ಲಿ, ಸಂದುದು ಕನ್ನಡಕ್ಕೆ. ಪಟ್ಟಮಹಾದೇವಿ ಶಾಂತಲೆಯನ್ನು ಕುರಿತ ಕಾದಂಬರಿಗಾಗಿ ಸಿ. ಕೆ. ನಾಗರಾಜರಾಯರಿಗೆ ಎಂಬುದು ನಮಗೆ ಹೆಮ್ಮೆಯ ವಿಷಯ. 2020ರ ಮೇ 28ರಂದು ವೀರೇಂದ್ರಕುಮಾರರು ಕೋಳಿಕೋಡಿನಲ್ಲಿ ದೇಹತ್ಯಾಗ ಮಾಡಿದರು. ಅಂತ್ಯಸಂಸ್ಕಾರವು ಹುಟ್ಟಿದೂರಿನಲ್ಲಿ, ಪುಳಿಯಾರ್‌ಮಲೆಯಲ್ಲಿ ನೆರವೇರಿತು.

ಶ್ರಾವಕನಿಗೆ ವಿಧಿಸಿದ ಐದು ಅಣುವ್ರತಗಳಲ್ಲಿ ಕೊನೆಯದು ಪರಿಗ್ರಹ ಪರಿಮಾಣ. ಗೃಹಸ್ಥನು ಎಲ್ಲವನ್ನೂ ತೊರೆಯಬೇಕೆಂದು ಧರ್ಮ ಕೇಳುವುದಿಲ್ಲ. ಇಷ್ಟು ಸಾಕೆಂದು ಗೆರೆ ಎಳೆದುಕೊಳ್ಳೆಂದು ಕೇಳುತ್ತದೆ. ಹೊಲ, ಮನೆ, ಬೆಳ್ಳಿ, ಬಂಗಾರಗಳಿಗೆ ಆ ಗೆರೆ ಎಳೆಯುವುದನ್ನು ನಾವು ಬಲ್ಲೆವು. ಅಧಿಕಾರವೂ ಒಂದು ಪರಿಗ್ರಹವೇ ಎಂಬುದನ್ನು ಮರೆತುಬಿಡುತ್ತೇವೆ. ವೀರೇಂದ್ರಕುಮಾರರು ಭೂಮಿ ಮತ್ತು ಪತ್ರಿಕೆಗಳ ವಿಷಯದಲ್ಲಿ ಆ ಗೆರೆಯನ್ನು ಎಷ್ಟರಮಟ್ಟಿಗೆ ಪಾಲಿಸಿದರೋ ಚರ್ಚೆಗೆ ಅವಕಾಶವಿದೆ. ಪದವಿಯ ವಿಷಯದಲ್ಲಿ ಮಾತ್ರ 1987ರಲ್ಲಿಯೂ 2017ರಲ್ಲಿಯೂ ಅದನ್ನು ಪಾಲಿಸಿ ತೋರಿಸಿದರು.

ನಮ್ಮ ತೀರ್ಥರೂಪರ ಮಾತನ್ನು ನಾನು ಇಂದಿಗೂ ಅಲ್ಲಗಳೆಯಲಾರೆ. ಬಾವುಟ ಹಿಡಿದರೆ ಕೆಲವು ಗಿರಾಕಿಗಳು ಹೋಗಿಯೇ ಹೋಗುತ್ತಾರೆ. ಆದರೆ ನಮ್ಮ ಸಮಾಜದ ತರುಣರಲ್ಲಿ ಯಾರಿಗಾದರೂ ಗ್ರಾಮ ಪಂಚಾಯತಿಗೋ ಸಹಕಾರಿ ಸಂಘಕ್ಕೋ ನಿಲ್ಲುವ ಮನಸ್ಸಿದ್ದರೆ, ನಾವು ಕೆಲವೇ ಮನೆಗಳವರು ಎಂಬ ಅಳುಕನ್ನು ಬಿಡಲಿ. ಕೋಳಿಕೋಡಿನ ಮತದಾರರು ವೀರೇಂದ್ರಕುಮಾರರನ್ನು ಎರಡು ಬಾರಿ ಆರಿಸಿದಾಗ ಅವರ ಜನರೆಷ್ಟೆಂದು ಎಣಿಸಲಿಲ್ಲ. ಆದರೆ ಗಾದಿಯಿಂದ ಎದ್ದು ಹೊರಡುವ ಮುನ್ನ ಒಂದು ನಿಶ್ಚಯ ಮಾಡಿಕೊಳ್ಳಲಿ: ಯಾವ ದಿನ, ಯಾವ ಕಾರಣಕ್ಕೆ ಆ ಕುರ್ಚಿಯನ್ನು ಬಿಡುತ್ತೇನೆಂದು. ಆ ಗೆರೆಯನ್ನು ಮೊದಲೇ ಎಳೆದುಕೊಂಡವನಿಂದ ಸಮಾಜಕ್ಕೂ ಊರಿಗೂ ಹಾನಿಯಾಗದೆಂದು ನಂಬುತ್ತೇನೆ.