ಬಿಳಿ ಚಹಾ ಮತ್ತು ಒಬ್ಬ ಚಕ್ರವರ್ತಿಯ ನೆಮ್ಮದಿ

ಚೀನಾದ ಬಿಳಿ ಚಹಾವನ್ನು ಮೊದಲ ಬಾರಿಗೆ ಕುಡಿಯುವವರಿಗೆ ತುಸು ನಿರಾಶೆಯಾಗಬಹುದು. ಅದರಲ್ಲಿ ಹಾಲಿಲ್ಲ, ಸಕ್ಕರೆಯಿಲ್ಲ, ಬಣ್ಣವೂ ಅಷ್ಟಕ್ಕಷ್ಟೆ. ಅವಸರ ಮಾಡದೆ ಗುಟುಕು ಗುಟುಕಾಗಿ ಹೀರಿದವರಿಗೆ ಮಾತ್ರ ಅದರ ನವಿರಾದ ಸಿಹಿ ದಕ್ಕುತ್ತದೆ. ಅದರ ತಯಾರಿಯೂ ಹಾಗೆಯೇ. ಫುಜಿಯಾನ್ ಪ್ರಾಂತ್ಯದ ಫುಡಿಂಗ್ ಮತ್ತು ಝೆಂಗ್‌ಹೆ ಪ್ರದೇಶಗಳಲ್ಲಿ ವಸಂತದ ಆರಂಭದಲ್ಲಿ ಚಿಗುರು ಕೊಯ್ದು, ಬಿದಿರಿನ ತಟ್ಟೆಗಳಲ್ಲಿ ಹರಡಿ, ನಿಧಾನವಾಗಿ ಬಾಡಿಸಿ ಒಣಗಿಸುತ್ತಾರೆ. ಹುರಿಯುವುದಿಲ್ಲ, ಹೊಸಕುವುದೂ ಇಲ್ಲ. ಚಿಗುರಿನ ಮೇಲಿನ ಬೆಳ್ಳಗಿನ ನವಿರು ರೋಮ ಹಾಗೆಯೇ ಉಳಿಯುತ್ತದೆ.

ಇಂತಹ ಚಹಾ ಮನಸ್ಸಿಗೆ ಶಾಂತಿ ನೀಡುತ್ತದೆ ಎಂಬ ಮಾತನ್ನು ಇಂದು ಎಲ್ಲೆಡೆ ಕೇಳುತ್ತೇವೆ. ಆದರೆ ಅದು ಯಾರ ಶಾಂತಿ? ಯಾವ ಬೆಲೆ ತೆತ್ತು ಪಡೆದದ್ದು? ಇತಿಹಾಸ ಈ ಪ್ರಶ್ನೆಯನ್ನೂ ನಮ್ಮ ಮುಂದಿಡುತ್ತದೆ.

ಎಂಟನೆಯ ಶತಮಾನದಲ್ಲಿ, ಬೌದ್ಧ ಮಠದಲ್ಲಿ ಬೆಳೆದ ಲು ಯು ಚಹಾದ ಬಗ್ಗೆ ಮೊದಲ ಗ್ರಂಥ ರಚಿಸಿದನು. ಚಹಾದ ಸುದ್ದಿ ಬೇಗನೆ ಅರಬ್ ಜಗತ್ತನ್ನೂ ತಲುಪಿತು. ಸುಲೈಮಾನ್ ಎಂಬ ವರ್ತಕನ ಹೆಸರಿನಲ್ಲಿ ಪ್ರಸಿದ್ಧವಾಗಿರುವ ಕ್ರಿ.ಶ. 851ರ ಅರಬೀ ವೃತ್ತಾಂತದಲ್ಲಿ, ಚೀನೀಯರು ಬಿಸಿನೀರಿಗೆ ಹಾಕಿ ಕುಡಿಯುವ ತುಸು ಕಹಿಯಾದ ಎಲೆಯ ಪ್ರಸ್ತಾಪವಿದೆ. ಆ ಎಲೆ ಮತ್ತು ಉಪ್ಪಿನ ಆದಾಯ ರಾಜನಿಗೆ ಮೀಸಲು ಎಂದೂ ಅದು ಹೇಳುತ್ತದೆ. ಸನ್ಯಾಸಿಯ ಧ್ಯಾನಕ್ಕೆ ಜೊತೆಯಾದ ಎಲೆ ಅರಸನ ಬೊಕ್ಕಸವನ್ನೂ ತುಂಬುತ್ತಿತ್ತು ಎಂಬುದನ್ನು ವರ್ತಕನ ಕಣ್ಣು ಗಮನಿಸದೆ ಇರಲಿಲ್ಲ.

ಬಿಳಿ ಚಹಾವನ್ನು ಎಲ್ಲಕ್ಕಿಂತ ಮಿಗಿಲೆಂದು ಕೊಂಡಾಡಿದವನು ಸೋಂಗ್ ವಂಶದ ಚಕ್ರವರ್ತಿ ಹುಯಿಜೋಂಗ್. ಆತ ಚಿತ್ರಕಾರ, ಲಿಪಿಕಾರ, ರಸಿಕ. 1107ರಲ್ಲಿ ಆತ ಚಹಾದ ಬಗ್ಗೆಯೇ ಒಂದು ಗ್ರಂಥ ಬರೆದನು. ಬಿಳಿ ಚಹಾದ ಗಿಡ ಬಂಡೆ ಮತ್ತು ಕಾಡುಗಳ ನಡುವೆ ತಾನಾಗಿ ಹುಟ್ಟುತ್ತದೆ, ಮನುಷ್ಯ ಪ್ರಯತ್ನದಿಂದ ದೊರೆಯುವಂಥದ್ದಲ್ಲ, ನಾಲ್ಕೈದು ಮನೆಗಳವರ ಬಳಿ ಒಂದೆರಡು ಗಿಡಗಳಷ್ಟೇ ಇವೆ ಎಂದು ಆತ ದಾಖಲಿಸಿದ್ದಾನೆ. ಅದು ಇಂದಿನ ಬಿಳಿ ಚಹಾ ಅಲ್ಲ. ಆಗ ಎಲೆಯನ್ನು ಬಿಲ್ಲೆಯಾಗಿ ಒತ್ತಿ, ಪುಡಿ ಮಾಡಿ, ಬಿಸಿನೀರಿನಲ್ಲಿ ಕಡೆದು ಕುಡಿಯುತ್ತಿದ್ದರು. 1391ರಲ್ಲಿ ಮಿಂಗ್ ಚಕ್ರವರ್ತಿ ಹೋಂಗ್‌ವು ಬಿಲ್ಲೆ ಚಹಾದ ಕಾಣಿಕೆಯನ್ನು ನಿಲ್ಲಿಸಿದ ಬಳಿಕ ಬಿಡಿ ಎಲೆಯ ಚಹಾ ವ್ಯಾಪಕವಾಯಿತು. ಚಿಗುರಿನಿಂದಲೇ ಮಾಡುವ ಇಂದಿನ 'ಬೆಳ್ಳಿ ಸೂಜಿ' ಚಹಾ ಹೆಸರಾದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ.

ಸೋಂಗ್ ಅರಮನೆಗೆ ಚಹಾ ಬರುತ್ತಿದ್ದುದು ಫುಜಿಯಾನ್‌ನ ಬೇಯುವಾನ್ ತೋಟಗಳಿಂದ. ಅಲ್ಲಿ ಬೆಳಗಾಗುವ ಮೊದಲೇ ನಗಾರಿ ಬಾರಿಸಿ ಕೂಲಿಗಳನ್ನು ಸೇರಿಸುತ್ತಿದ್ದರು. ಮಂಜು ಆರುವ ಮುನ್ನವೇ ಚಿಗುರು ಕೊಯ್ಯಬೇಕು. ಹೊತ್ತೇರಿದಾಗ ಜಾಗಟೆ ಬಾರಿಸಿ ಕೆಲಸ ನಿಲ್ಲಿಸಲಾಗುತ್ತಿತ್ತು. ಅರಮನೆಯ ಮೌನದ ಬಟ್ಟಲಿನ ಹಿಂದೆ ಈ ನಗಾರಿಯ ಸದ್ದಿತ್ತು.

ನಾಡಿನಲ್ಲಿ ಶಾಂತಿ ನೆಲೆಸಿರುವುದರಿಂದಲೇ ಜನರಿಗೆ ಚಹಾ ಸವಿಯುವ ಬಿಡುವು ದೊರೆತಿದೆ ಎಂದು ಹುಯಿಜೋಂಗ್ ನಂಬಿದ್ದನು. ಆದರೆ ಆತನ ಉದ್ಯಾನವನಕ್ಕಾಗಿ ದಕ್ಷಿಣದಿಂದ ಅಪರೂಪದ ಬಂಡೆಗಳನ್ನೂ ಗಿಡಗಳನ್ನೂ ದೋಣಿಗಳಲ್ಲಿ ರಾಜಧಾನಿ ಕೈಫೆಂಗ್‌ಗೆ ಸಾಗಿಸಲಾಗುತ್ತಿತ್ತು. ಇದರ ಹೊರೆಯಿಂದ ನಲುಗಿದ ಜನ 1120ರಲ್ಲಿ ಫಾಂಗ್ ಲಾ ಎಂಬವನ ನೇತೃತ್ವದಲ್ಲಿ ದಂಗೆಯೆದ್ದರು. ದಂಗೆಯನ್ನೇನೋ ಅಡಗಿಸಲಾಯಿತು. ಆದರೆ ಉತ್ತರದಿಂದ ಜಿನ್ ಸೇನೆ ನುಗ್ಗಿ ಬಂದಾಗ ಚಕ್ರವರ್ತಿ ಮಗನಿಗೆ ಸಿಂಹಾಸನ ಒಪ್ಪಿಸಿದನು. 1127ರಲ್ಲಿ ತಂದೆ ಮಗ ಇಬ್ಬರೂ ಸೆರೆಯಾಳುಗಳಾಗಿ ಉತ್ತರಕ್ಕೆ ಸಾಗಿದರು. 1135ರಲ್ಲಿ ಹುಯಿಜೋಂಗ್ ಸೆರೆಯಲ್ಲಿಯೇ ಕೊನೆಯುಸಿರೆಳೆದನು.

ತಪ್ಪು ಚಹಾದ್ದಲ್ಲ. ತನ್ನ ಮನಸ್ಸಿನ ನೆಮ್ಮದಿಯನ್ನೇ ನಾಡಿನ ನೆಮ್ಮದಿಯೆಂದು ಬಗೆದದ್ದು ಆತನ ತಪ್ಪು. ನಾವು ಕೂಡ ಹಾಗೆ ಮಾಡುವುದಿಲ್ಲವೇ? ನಮ್ಮ ಕೋಣೆಯ ಬಾಗಿಲು ಮುಚ್ಚಿಕೊಂಡರೆ ಹೊರಗಿನ ಅಳು ನಿಂತಿತೆಂದು ಭಾವಿಸುವುದಿಲ್ಲವೇ?

ಬಿಳಿ ಚಹಾ ಕುಡಿಯುವುದಾದರೆ ಖಂಡಿತ ಕುಡಿಯೋಣ. ಕುದಿಯುವ ನೀರನ್ನು ತುಸು ಆರಲು ಬಿಟ್ಟು, ಎಲೆಯ ಮೇಲೆ ಸುರಿದು, ಕೆಲವು ನಿಮಿಷ ಸುಮ್ಮನೆ ಕಾಯೋಣ. ಆ ಬಿಡುವಿನಲ್ಲಿ, ನಸುಕಿನಲ್ಲೆದ್ದು ಚಿಗುರು ಕೊಯ್ದ ಕೈಗಳೂ ನೆನಪಿಗೆ ಬರಲಿ. ಬಟ್ಟಲು ಬರಿದಾದ ಮೇಲೆ ನಾವು ಎದ್ದು ಯಾರ ಕಡೆಗೆ ನಡೆಯುತ್ತೇವೆ ಎಂಬುದರಲ್ಲಿ ನಮ್ಮ ಶಾಂತಿಯ ನಿಜವಾದ ಪರೀಕ್ಷೆ ಅಡಗಿದೆ.