ಮರಕ್ಕೆ ಹೃದಯವಿದೆಯೇ?

ಕಳೆದ ತಿಂಗಳು ಒಂದು ವಿಜ್ಞಾನ ಲೇಖನವನ್ನು ಕನ್ನಡಕ್ಕೆ ತರುವಾಗ ಒಂದು ಕ್ರಿಯಾಪದದ ಹತ್ತಿರ ನಿಂತುಬಿಟ್ಟೆ. ಬೇರಿನ ನೀರು ತುದಿಯೆಲೆಗೆ ತಾನೇ 'ಏರುತ್ತದೆ' ಅನ್ನಬೇಕೋ, ಬೇರು 'ತಳ್ಳುತ್ತದೆ' ಅನ್ನಬೇಕೋ, ಎಲೆ 'ಎಳೆದುಕೊಳ್ಳುತ್ತದೆ' ಅನ್ನಬೇಕೋ? ಕರ್ತೃ ಯಾರೆಂಬ ಇದೇ ಪ್ರಶ್ನೆಗೆ ಸಸ್ಯಶಾಸ್ತ್ರಜ್ಞರು ಇನ್ನೂರು ವರ್ಷಕ್ಕೂ ಮೇಲೆ ತಲೆ ಕೆಡಿಸಿಕೊಂಡಿದ್ದಾರೆ.

ಮೊದಲು ತಕ್ಕಡಿ ಹಿಡಿದವನು ಇಂಗ್ಲೆಂಡಿನ ಟೆಡಿಂಗ್ಟನ್ನಿನ ಪಾದ್ರಿ ಸ್ಟೀಫನ್ ಹೇಲ್ಸ್. 1724ರ ಬೇಸಿಗೆಯಲ್ಲಿ ಮೂರೂವರೆ ಅಡಿಯ ಸೂರ್ಯಕಾಂತಿಯನ್ನು ಕುಂಡದಲ್ಲಿಟ್ಟು, ಮಣ್ಣಿನಿಂದ ಆವಿ ಹೋಗದಂತೆ ಸೀಸದ ತಗಡು ಮುಚ್ಚಿ, ಬೆಳಿಗ್ಗೆ ಸಂಜೆ ತೂಗಿದ. ಹಗಲಿಗೆ ಸರಾಸರಿ 20 ಔನ್ಸ್, ಅಂದರೆ ಅರ್ಧ ಕಿಲೋಗೂ ಹೆಚ್ಚು ನೀರು ಎಲೆಗಳಿಂದ ಹೋಗುತ್ತಿತ್ತು. ರಾತ್ರಿ ಬಹಳ ಕಡಿಮೆ. ಕತ್ತರಿಸಿದ ದ್ರಾಕ್ಷಿ ಬಳ್ಳಿಯ ಬುಡ ನೀರನ್ನು ಮೇಲಕ್ಕೆ ತಳ್ಳುವುದನ್ನೂ ಅವನು ಅಳೆದ. ಆದರೂ ಮುಖ್ಯ ಕೆಲಸ ಎಲೆಗಳದ್ದೇ ಎಂದು ಅವನಿಗನ್ನಿಸಿತ್ತು. 1727ರಲ್ಲಿ ಬಂದ ಅವನ ಪುಸ್ತಕಕ್ಕೆ ಮುದ್ರಣದ ಅನುಮತಿ ಕೊಟ್ಟ ಸಹಿ ಐಸಾಕ್ ನ್ಯೂಟನ್‌ನದು.

ಆದರೆ ಎಲೆ ಎಳೆಯುವುದು ಹೇಗೆ? ಸ್ಟ್ರಾ ಹಾಕಿ ಹೀರಿದಂತೆ ಅಂದರೆ ನೀರು 10 ಮೀಟರ್ ದಾಟುವಂತಿಲ್ಲ. ಗಾಳಿಯ ಒತ್ತಡ ಅಷ್ಟನ್ನೇ ಎತ್ತಬಲ್ಲದು. ಹಾಗಾದರೆ ಕಾಂಡದ ಜೀವಕೋಶಗಳೇ ಪಂಪ್ ಮಾಡುತ್ತಿರಬೇಕು ಎಂದರು ಹಲವರು. ಬಾನ್‌ನ ಎಡ್ವರ್ಡ್ ಸ್ಟ್ರಾಸ್‌ಬುರ್ಗರ್ 20 ಮೀಟರಿಗೂ ಎತ್ತರದ ಓಕ್ ಮರವನ್ನು ಬುಡಕ್ಕೆ ಕೊಯ್ದು ವಿಷದ ತೊಟ್ಟಿಯಲ್ಲಿ ನಿಲ್ಲಿಸಿದ. ದಾರಿಯ ಜೀವಕೋಶಗಳೆಲ್ಲ ಸತ್ತವು, ಆದರೂ ದ್ರವ ತುದಿಗೆ ಏರುತ್ತಲೇ ಹೋಯಿತು. ಅವನ ಹತ್ತಿರ ಓದಿದ್ದ ಹೆನ್ರಿ ಡಿಕ್ಸನ್, ಡಬ್ಲಿನ್‌ನ ಜಾನ್ ಜೋಲಿ ಜೊತೆ ಸೇರಿ 1894ರಲ್ಲಿ ಉತ್ತರ ಮುಂದಿಟ್ಟ: ನೀರಿನ ಅಣುಗಳು ಒಂದನ್ನೊಂದು ಬಿಡದೆ ಹಿಡಿದಿರುತ್ತವೆ. ಪತ್ರರಂಧ್ರದಲ್ಲಿ ಆವಿಯಾದಷ್ಟೂ ಕೆಳಗಿನ ಹಗ್ಗ ಮೇಲೆ ಬರುತ್ತದೆ.

ಇಲ್ಲಿಗೆ ನಮ್ಮ ಜಗದೀಶಚಂದ್ರ ಬೋಸ್ ಬರುತ್ತಾರೆ. ಕಾಂಡದೊಳಕ್ಕೆ ವಿದ್ಯುತ್ ಸೂಜಿಯನ್ನು ಇಂಚಿಂಚಾಗಿ ಇಳಿಸಿ, ತೊಗಟೆಯ ಒಳಪದರದ ಕೋಶಗಳು ಮಿಡಿಯುತ್ತವೆ, ಅವೇ ನೀರನ್ನು ಮೇಲಕ್ಕೆ ಅಟ್ಟುತ್ತವೆ ಎಂದು 1923ರ ಪುಸ್ತಕದಲ್ಲಿ ವಾದಿಸಿದರು. ಗಿಡಕ್ಕೂ ಹೃದಯ! ಕೇಳಲು ಎಷ್ಟು ಚೆಂದ. 'ವಿದೇಶಿಯರು ಬೋಸರನ್ನು ತುಳಿದರು' ಎಂದು ಇವತ್ತೂ ನಮ್ಮ ಮನೆಯ ವಾಟ್ಸಾಪ್ ಗುಂಪಿಗೆ ಬರುತ್ತಿರುತ್ತದೆ. ಗಿಡಗಳಲ್ಲಿ ವಿದ್ಯುತ್ ಸಂಕೇತ ಹರಿಯುತ್ತದೆ ಎಂಬ ಅವರ ಮಾತು ನಿಂತಿತು. ನೀರಿನ ವಿಷಯದಲ್ಲಿ ಮಾತ್ರ ಅವರು ತಪ್ಪಿದ್ದರು. ಹೀಗೆಂದಾಗ ಚಿಕ್ಕಪ್ಪ ಎರಡು ದಿನ ಮಾತು ಬಿಟ್ಟಿದ್ದರು.

ಎಲೆಯಲ್ಲಿ ತಯಾರಾದ ಸಕ್ಕರೆಯ ದಾರಿ ಬೇರೆ. ಅದು ತೊಗಟೆಯ ಒಳಮೈಯ ಜೀವಂತ ಕೊಳವೆಗಳಲ್ಲಿ ಹರಿಯುತ್ತದೆ. ಸುತ್ತಲೂ ಉಂಗುರದಂತೆ ತೊಗಟೆ ಸುಲಿದರೆ ಗಾಯದ ಮೇಲ್ಭಾಗ ಊದಿಕೊಳ್ಳುವುದು ಅದಕ್ಕೇ. ಅಲ್ಲಿ ತಳ್ಳುವಿಕೆಗೂ ಪಾತ್ರವಿದೆ.

ನೀರಿನ ಎಳೆತವನ್ನು ಪಿ. ಎಫ್. ಶೋಲಾಂಡರ್ ಬಳಗ 1965ರಲ್ಲಿ ಅಳೆದು ತೋರಿಸಿತು. ಎತ್ತರದ ಡಗ್ಲಸ್ ಫರ್ ಮರದ ರೆಂಬೆಗಳನ್ನು ಬಂದೂಕಿನಿಂದ ಹೊಡೆದು ಕೆಡವಿ, ಉಕ್ಕಿನ ಪಾತ್ರೆಯಲ್ಲಿಟ್ಟು, ಕೊಯ್ದ ತುದಿಯಲ್ಲಿ ರಸ ಮರಳಿ ಕಾಣುವವರೆಗೆ ಒತ್ತಡ ಏರಿಸಿದರು. ಉಪ್ಪುನೀರಿನ ಗಿಡಗಳಲ್ಲಿ ಆ ಎಳೆತ ಗಾಳಿಯ ಒತ್ತಡದ 30 ಪಟ್ಟನ್ನೂ ಮೀರಿತ್ತು.

ನಾನು 'ಎಲೆ ಎಳೆದುಕೊಳ್ಳುತ್ತದೆ' ಎಂದೇ ಬರೆದು ಕಳಿಸಿದೆ. ಸಂಪಾದಕರು ಅದನ್ನು 'ನೀರು ಏರುತ್ತದೆ' ಎಂದು ತಿದ್ದಿದ್ದಾರೆ. ಈ ಕಂತು ನಿಮಗೆ ತಲುಪಿದ ಮೇಲೆ ಅವರಿಗೆ ಉತ್ತರ ಬರೆಯಬೇಕು.